ಅಲಾರಂಗೆ ಸುದ್ದಿ ತಲುಪುವ ದಾರಿ

ಕಾರ್ಖಾನೆಯ ಅಲಾರಂ ಸಾಫ್ಟ್‌ವೇರ್ ಸ್ವತಃ ಏನನ್ನೂ ನೋಡುವುದಿಲ್ಲ. ಬಾಯ್ಲರಿನ ಒತ್ತಡವಾಗಲಿ, ಟ್ಯಾಂಕಿನ ಮಟ್ಟವಾಗಲಿ ಅದಕ್ಕೆ ನೇರವಾಗಿ ತಿಳಿಯದು. ಸೆನ್ಸರ್ ಅಳೆದದ್ದು ತಂತಿ ಹಿಡಿದು, ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿಗೆ ಹೋಗುತ್ತದೆ. ಪಿಎಲ್‌ಸಿಯಿಂದ ನೆಟ್‌ವರ್ಕ್ ಮೂಲಕ ಡೇಟಾ ಸರ್ವರಿಗೆ ಬರುತ್ತದೆ. ಸರ್ವರ್ ಅದನ್ನು ಅಲಾರಂ ಸಾಫ್ಟ್‌ವೇರಿಗೆ ದಾಟಿಸುತ್ತದೆ. ಮಿತಿ ಮೀರಿದೆಯೇ ಎಂಬ ಲೆಕ್ಕ ಆಮೇಲೆ. ಮೀರಿದ್ದರೆ ಪರದೆಯ ಮೇಲೆ ಕೆಂಪು ಸಾಲು, ಕಂಟ್ರೋಲ್ ರೂಮಿನಲ್ಲಿ ಹಾರ್ನ್, ಡ್ಯೂಟಿಯಲ್ಲಿರುವವರ ಮೊಬೈಲಿಗೆ ಎಸ್ಸೆಮ್ಮೆಸ್. ಎಲ್ಲರ ಗಮನವೂ ಈ ಕೊನೆಯ ಹಂತದ ಮೇಲೆಯೇ ಇರುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ನಡುವಿನ ದಾರಿ. ಸಾಫ್ಟ್‌ವೇರನ್ನು ಡೇಟಾ ಸರ್ವರಿಗೆ ಜೋಡಿಸುವಾಗ ಎಂಜಿನಿಯರ್ ತುಂಬುವ ನಾಲ್ಕಾರು ಖಾನೆಗಳಿರುತ್ತವಲ್ಲ, ಸರ್ವರಿನ ವಿಳಾಸ, ಎಷ್ಟು ಹೊತ್ತಿಗೊಮ್ಮೆ ಅಂಕಿ ಬೇಕು, ಎಷ್ಟು ಹೊತ್ತು ಕಾಯಬೇಕು, ಈ ಸರ್ವರ್ ಕೈಕೊಟ್ಟರೆ ಮುಂದೆ ಯಾವುದು, ಅಲ್ಲೇ ತೀರ್ಮಾನವಾಗುತ್ತದೆ ಆ ಹಾರ್ನ್ ಬೇಕಾದಾಗ ಕೂಗುತ್ತದೋ ಇಲ್ಲವೋ ಎಂಬುದು.

ದಾರಿಯ ಮೊದಲ ತುಂಡಿಗೆ ಇನ್‌ಸ್ಟ್ರುಮೆಂಟೇಶನ್‌ನವರು ಬಹಳ ಹಿಂದೆಯೇ ಒಂದು ಸೊಗಸಾದ ಉಪಾಯ ಕಂಡುಕೊಂಡಿದ್ದಾರೆ. ಸೆನ್ಸರ್ ತನ್ನ ಅಳತೆಯನ್ನು 4ರಿಂದ 20 ಮಿಲಿಆಂಪಿಯರ್ ಕರೆಂಟಾಗಿ ಕಳಿಸುತ್ತದೆ. ಟ್ಯಾಂಕ್ ಖಾಲಿಯಿದ್ದರೆ 4, ಅರ್ಧ ತುಂಬಿದ್ದರೆ 12, ಪೂರ್ತಿ ತುಂಬಿದ್ದರೆ 20. ಸೊನ್ನೆಯಿಂದಲೇ ಶುರುಮಾಡಬಹುದಿತ್ತಲ್ಲ? ಇಲಿ ಕೇಬಲ್ ಕಡಿದರೂ ಟರ್ಮಿನಲ್ ಸ್ಕ್ರೂ ಸಡಿಲವಾದರೂ ಕರೆಂಟ್ ಸೊನ್ನೆಗೆ ಇಳಿಯುತ್ತದೆ. 4 ಬಂದರೆ ಟ್ಯಾಂಕ್ ಖಾಲಿ. 0 ಬಂದರೆ ಟ್ಯಾಂಕಿನ ಸ್ಥಿತಿ ಏನೆಂದೇ ಗೊತ್ತಿಲ್ಲ. ಮೊದಲನೆಯದಕ್ಕೆ ಪಂಪ್ ಚಾಲೂ ಮಾಡಬೇಕು, ಎರಡನೆಯದಕ್ಕೆ ಟಾರ್ಚ್ ಹಿಡಿದು ಟ್ಯಾಂಕಿನ ಹತ್ತಿರ ಹೋಗಬೇಕು. 3.6ಕ್ಕಿಂತ ಇಳಿದರೆ ಅಥವಾ 21 ದಾಟಿದರೆ ಅದನ್ನು ಅಳತೆಯೆಂದು ಓದದೆ ಉಪಕರಣದ ದೋಷವೆಂದು ಓದಬೇಕು ಎಂಬ ಕಟ್ಟಳೆಯೂ ಬಂದಿದೆ. ಎರಡು ತಂತಿಯ ಒಂದು ಸರ್ಕ್ಯೂಟ್ ‘ಖಾಲಿ’ ಮತ್ತು ‘ಗೊತ್ತಿಲ್ಲ’ಗಳ ನಡುವಿನ ವ್ಯತ್ಯಾಸವನ್ನು ಇಷ್ಟು ಸರಳವಾಗಿ ಹೇಳಿಬಿಡುತ್ತದೆ. ಈ ವ್ಯತ್ಯಾಸ ಮುಂದೆ ಪರದೆಯವರೆಗೂ ಉಳಿದು ಬರಬೇಕು, ಕಷ್ಟವಿರುವುದು ಅಲ್ಲಿಯೇ.

ಪಿಎಲ್‌ಸಿಯಿಂದಾಚೆ ಕೆಲಸ ಒಪಿಸಿ ಎಂಬ ಸಾಮಾನ್ಯ ಭಾಷೆಯದು. ಒಂದೊಂದು ಕಂಪನಿಯ ಪಿಎಲ್‌ಸಿಗೂ ಒಂದೊಂದು ಡ್ರೈವರ್ ಬರೆಯುವ ತಾಪತ್ರಯ ತಪ್ಪಿಸಲು 1996ರಲ್ಲಿ ಇದರ ಮೊದಲ ರೂಪ ಬಂತು. ಈಗ ಹೊಸ ಕಾರ್ಖಾನೆಗಳಲ್ಲಿ ಕಾಣುವುದು ಅದರ ಮುಂದಿನ ಪೀಳಿಗೆ, ಒಪಿಸಿ ಯುಎ. ಇದರಲ್ಲಿ ಬರಿಯ ಅಂಕಿ ಬರುವುದಿಲ್ಲ. ಅಂಕಿ, ಅದರ ಗುಣಮಟ್ಟ, ಅದು ಯಾವ ಹೊತ್ತಿನದು ಎಂಬ ಮೂರೂ ಒಟ್ಟಿಗೆ ಬರುತ್ತವೆ. ಗುಣಮಟ್ಟ ‘ಗುಡ್’ ಆಗಿರಬಹುದು, ‘ಬ್ಯಾಡ್’ ಆಗಿರಬಹುದು, ‘ಅನ್‌ಸರ್ಟನ್’ ಆಗಿರಬಹುದು. 4 ಮಿಲಿಆಂಪಿಯರಿನ ಜಾಣತನವೇ ಇಲ್ಲಿ ಇನ್ನೊಂದು ವೇಷದಲ್ಲಿದೆ.

ಆದರೆ ಈ ಭಾಷೆಗೆ ಮಿತವಾಗಿ ಮಾತಾಡುವ ಅಭ್ಯಾಸವೂ ಇದೆ. ಸಾವಿರಾರು ಟ್ಯಾಗುಗಳ (ಹೆಸರಿಟ್ಟ ಒಂದೊಂದು ಅಳತೆಗೂ ಟ್ಯಾಗ್ ಎನ್ನುತ್ತಾರೆ) ಅಂಕಿಗಳನ್ನು ಕ್ಷಣಕ್ಷಣವೂ ಕಳಿಸಿದರೆ ನೆಟ್‌ವರ್ಕಿಗೆ ಭಾರ, ಆದ್ದರಿಂದ ಬದಲಾದದ್ದನ್ನು ಮಾತ್ರ ಕಳಿಸು ಎಂದು ಸರ್ವರಿಗೆ ಹೇಳಿರುತ್ತಾರೆ. ಎಷ್ಟು ಬದಲಾದರೆ ಕಳಿಸಬೇಕು ಎಂಬುದು ಡೆಡ್‌ಬ್ಯಾಂಡ್. 0ರಿಂದ 200 ಡಿಗ್ರಿ ಅಳೆಯುವ ಸೆನ್ಸರಿಗೆ ಶೇ. 1ರ ಡೆಡ್‌ಬ್ಯಾಂಡ್ ಕೊಟ್ಟರೆ, ಉಷ್ಣಾಂಶ 2 ಡಿಗ್ರಿ ಆಚೀಚೆ ಆಗುವವರೆಗೆ ಸರ್ವರ್ ಸುಮ್ಮನಿರುತ್ತದೆ. ಎಲ್ಲವೂ ಸರಿಯಿರುವ ರಾತ್ರಿ ಗಂಟೆಗಟ್ಟಲೆ ಏನೂ ಬರದಿರಬಹುದು. ಸರ್ವರ್ ಸತ್ತ ರಾತ್ರಿಯೂ ಏನೂ ಬರುವುದಿಲ್ಲ! ಬೀದಿಯ ರಾತ್ರಿ ಕಾವಲಿನ ಗೂರ್ಖಾ ಕಳ್ಳ ಬಂದಾಗ ಮಾತ್ರ ಸೀಟಿ ಊದಿದರೆ ಸಾಲದು, ಗಂಟೆಗೊಮ್ಮೆ ಕೋಲು ಕುಟ್ಟಿಕೊಂಡು ಹೋಗಬೇಕು; ಆ ಸದ್ದು ನಿಂತರೆ ಮಲಗಿದ್ದವರೂ ಎದ್ದು ನೋಡುತ್ತಾರೆ. ಒಪಿಸಿ ಯುಎಯಲ್ಲಿ ಇದಕ್ಕೆ ಕೀಪ್-ಅಲೈವ್ ಎನ್ನುತ್ತಾರೆ. ಸೆಕೆಂಡಿಗೊಮ್ಮೆ ಸುದ್ದಿ, ಕೀಪ್-ಅಲೈವ್ ಎಣಿಕೆ 10 ಎಂದು ಇಟ್ಟರೆ, ಹೇಳಲು ಏನೂ ಇಲ್ಲದಿದ್ದರೂ 10 ಸೆಕೆಂಡಿಗೊಮ್ಮೆ ಸರ್ವರ್ ಒಂದು ಖಾಲಿ ಸಂದೇಶ ಕಳಿಸಲೇಬೇಕು. ಅದೂ ಬರಲಿಲ್ಲವೆಂದರೆ ಕನೆಕ್ಷನ್ ಹೋಗಿದೆ. ಇದರ ಜೊತೆಗೆ ಲೈಫ್‌ಟೈಮ್ ಎಣಿಕೆ ಎಂಬುದೊಂದಿದೆ: ಕೇಳುವವರ ಕಡೆಯಿಂದ ಅಷ್ಟು ಹೊತ್ತು ಸದ್ದಿಲ್ಲದಿದ್ದರೆ ಸರ್ವರ್ ಅವರಿಗೆ ಸುದ್ದಿ ಕಳಿಸುವ ಚಂದಾದಾರಿಕೆಯನ್ನೇ ಅಳಿಸಿಬಿಡುತ್ತದೆ. ಇದು ಕೀಪ್-ಅಲೈವ್ ಎಣಿಕೆಯ ಮೂರು ಪಟ್ಟಾದರೂ ಇರಬೇಕೆಂಬುದು ನಿಯಮ.

ಕೀಪ್-ಅಲೈವ್ ಸರ್ವರ್ ಬದುಕಿದೆ ಎಂದಷ್ಟೇ ಹೇಳುತ್ತದೆ. ಸರ್ವರಿನ ಹಿಂದಿರುವ ಪಿಎಲ್‌ಸಿ ನಿಂತುಹೋಗಿದ್ದರೆ? ಅದಕ್ಕೆ ಬಲ್ಲವರು ಪಿಎಲ್‌ಸಿಯ ಒಳಗೇ ಒಂದು ಚಿಕ್ಕ ಎಣಿಕೆ ಇಡುತ್ತಾರೆ: ಸೆಕೆಂಡಿಗೊಂದರಂತೆ ಏರುತ್ತಾ ಹೋಗುವ ಒಂದು ಅಂಕಿ. ಯಾವ ಬಾಯ್ಲರಿಗೂ ಯಾವ ಪಂಪಿಗೂ ಅದರಿಂದ ಕೆಲಸವಿಲ್ಲ. ಅದು ಏರುತ್ತಿದೆಯೇ ಎಂದು ಅಲಾರಂ ಸಾಫ್ಟ್‌ವೇರ್ ನೋಡುತ್ತಿರುತ್ತದೆ. 10 ಸೆಕೆಂಡು ಒಂದೇ ಕಡೆ ನಿಂತರೆ ಅಲಾರಂ. ಹಾರ್ಟ್‌ಬೀಟ್ ಟ್ಯಾಗ್ ಎನ್ನುವ ಇದನ್ನು ಬರೆಯಲು ಪಿಎಲ್‌ಸಿ ಪ್ರೋಗ್ರಾಂನಲ್ಲಿ ಒಂದೆರಡು ಸಾಲು ಸಾಕು.

ಇನ್ನು, ಗುಣಮಟ್ಟ ‘ಬ್ಯಾಡ್’ ಎಂದು ಬಂದಾಗ ಅಲಾರಂ ಏನು ಮಾಡಬೇಕು? ಸೆಟ್ಟಿಂಗಿನಲ್ಲಿ ಆಯ್ಕೆಗಳಿರುತ್ತವೆ: ಹಿಂದಿನ ಅಂಕಿಯನ್ನೇ ಹಿಡಿದಿಟ್ಟುಕೊಳ್ಳುವುದು, ಆ ಟ್ಯಾಗಿನ ಅಲಾರಂ ತಡೆಹಿಡಿಯುವುದು, ‘ಬ್ಯಾಡ್’ ಆದದ್ದನ್ನೇ ಅಲಾರಂ ಎಂದು ಎತ್ತುವುದು. ಹಿಂದಿನ ಅಂಕಿ ಹಿಡಿದಿಟ್ಟುಕೊಳ್ಳುವುದು ಪರದೆಯನ್ನು ಶಾಂತವಾಗಿಡುತ್ತದೆ. ಅಪಾಯದ ಟ್ಯಾಗುಗಳಿಗೆ ಅದನ್ನು ಎಂದೂ ಆರಿಸಬಾರದು ಎಂಬುದು ನನ್ನ ಖಚಿತ ನಿಲುವು. ಹಾಗೆಂದು ಪ್ರತಿಯೊಂದಕ್ಕೂ ಅಲಾರಂ ಎತ್ತಿದರೆ, ಒಂದು ಕೇಬಲ್ ಕಿತ್ತುಬಂದಾಗ ಐನೂರು ಟ್ಯಾಗುಗಳು ಐನೂರು ಕೆಂಪು ಸಾಲುಗಳಾಗಿ ಸುರಿಯುತ್ತವೆ. ಹತ್ತು ನಿಮಿಷದಲ್ಲಿ ಹತ್ತಕ್ಕಿಂತ ಹೆಚ್ಚು ಅಲಾರಂ ಬಂದರೆ ಅದು ಒಬ್ಬ ಆಪರೇಟರ್ ನಿಭಾಯಿಸಲಾಗದ ಪ್ರವಾಹ ಎಂದು ಈ ಕ್ಷೇತ್ರದ ಮಾನದಂಡಗಳು ಹೇಳುತ್ತವೆ. 1994ರ ಜುಲೈ 24ರಂದು ವೇಲ್ಸ್‌ನ ಮಿಲ್‌ಫರ್ಡ್ ಹೇವನ್ ತೈಲ ಶುದ್ಧೀಕರಣಾಗಾರ ಸ್ಫೋಟಿಸುವ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂ ಬಂದಿದ್ದವು. ಆದ್ದರಿಂದ ಕನೆಕ್ಷನ್ ಹೋದರೆ ಕನೆಕ್ಷನ್ನಿನದೇ ಒಂದು ಅಲಾರಂ ಬರಬೇಕು. ಅದರ ಕೆಳಗಿನ ಟ್ಯಾಗುಗಳು ‘ಗೊತ್ತಿಲ್ಲ’ ಎಂಬ ಗುರುತು ಹೊತ್ತು ಸಾಲಾಗಿ ನಿಲ್ಲಬೇಕು.

ಗುಣಮಟ್ಟದ ಗುರುತಿಗೂ ಸಿಕ್ಕದ ಒಂದು ವೈಫಲ್ಯವಿದೆ. 2005ರ ಡಿಸೆಂಬರ್ 11ರ ಬೆಳಗಿನ ಜಾವ, ಲಂಡನ್ನಿನ ಉತ್ತರಕ್ಕಿರುವ ಬನ್ಸ್‌ಫೀಲ್ಡ್ ತೈಲ ಸಂಗ್ರಹಾಗಾರದಲ್ಲಿ 912ನೇ ಟ್ಯಾಂಕಿಗೆ ಪೈಪ್‌ಲೈನಿನಿಂದ ಪೆಟ್ರೋಲ್ ತುಂಬುತ್ತಿತ್ತು. ಸುಮಾರು ಮೂರು ಗಂಟೆಗೆ ಟ್ಯಾಂಕಿನ ಮಟ್ಟಮಾಪಕ ಸಿಕ್ಕಿಹಾಕಿಕೊಂಡಿತು. ಪೆಟ್ರೋಲ್ ಏರುತ್ತಲೇ ಇತ್ತು, ಪರದೆಯ ಮೇಲಿನ ಗೆರೆ ಮಾತ್ರ ಚಪ್ಪಟೆಯಾಗಿ ಮುಂದುವರಿಯಿತು. ಮಟ್ಟ ಹೆಚ್ಚಾದಂತೆ ಒಂದರ ಮೇಲೊಂದು ಕೂಗಲು ಮೂರು ಅಲಾರಂಗಳಿದ್ದವು. ಮೂರೂ ಅದೇ ಒಂದು ಮಾಪಕದ ಮೇಲೆ ನಿಂತಿದ್ದವು. ಬೇರೆಯಾಗಿ ಅಳವಡಿಸಿದ್ದ ಅತಿಮಟ್ಟದ ಸ್ವಿಚ್ಚೂ ಕೆಲಸ ಮಾಡಲಿಲ್ಲ. ಐದೂವರೆ ದಾಟಿದ ಮೇಲೆ ಟ್ಯಾಂಕ್ ಉಕ್ಕಿತು, 6 ಗಂಟೆ 1 ನಿಮಿಷಕ್ಕೆ ಆವಿಯ ಮೋಡಕ್ಕೆ ಕಿಡಿ ತಗುಲಿತು. ಪೈಪಿನಲ್ಲಿ ಹರಿವಿದೆ, ಆದರೂ ಮಟ್ಟ ಅಲುಗುತ್ತಿಲ್ಲ: ಈ ಎರಡನ್ನು ಒಟ್ಟಿಗಿಟ್ಟು ನೋಡುವ ಒಂದು ನಿಯಮವನ್ನು ಅಲಾರಂ ಸಾಫ್ಟ್‌ವೇರಿನಲ್ಲಿ ಬರೆಯಬಹುದು. ಅಲುಗಬೇಕಾದ ಅಂಕಿ ಅಲುಗದಿರುವುದೂ ಒಂದು ಸುದ್ದಿಯೇ.

ಇಲ್ಲಿಯವರೆಗಿನದೆಲ್ಲ ಅಲಾರಂಗೆ ಸುದ್ದಿ ಬಾರದ ಕಥೆ. ಸುದ್ದಿ ಬಂದರೂ ಅಲಾರಮ್ಮೇ ಇಲ್ಲವಾದದ್ದು 2003ರ ಆಗಸ್ಟ್ 14ರಂದು, ಅಮೆರಿಕದ ಓಹಾಯೋದಲ್ಲಿ. ಅಲ್ಲಿನ ಫಸ್ಟ್‌ಎನರ್ಜಿ ವಿದ್ಯುತ್ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಜನರಲ್ ಎಲೆಕ್ಟ್ರಿಕ್‌ನ ಎಕ್ಸ್‌ಎ/21 ಎಂಬ ವ್ಯವಸ್ಥೆ ಇತ್ತು. ಮಧ್ಯಾಹ್ನ 2:14ಕ್ಕೆ ಅದರ ಅಲಾರಂ ಪ್ರೋಗ್ರಾಂ ಸಿಕ್ಕಿಬಿತ್ತು. ಎರಡು ಪ್ರಕ್ರಿಯೆಗಳು ಒಂದೇ ಕ್ಷಣದಲ್ಲಿ ಒಂದೇ ದತ್ತಾಂಶದ ಮೇಲೆ ಬರೆಯಲು ಹೋದ, ತೀರಾ ಅಪರೂಪಕ್ಕೆ ಮಾತ್ರ ಕೂಡಿಬರುವ ದೋಷ ಅದು. ಹುಡುಕಿ ತೆಗೆಯಲು ಆಮೇಲೆ ವಾರಗಟ್ಟಲೆ ಹಿಡಿಯಿತು. ಪ್ರೋಗ್ರಾಂ ಮುಗಿದೂ ಹೋಗಲಿಲ್ಲ, ಮುಂದಕ್ಕೂ ಸಾಗಲಿಲ್ಲ. ಒಳಗೆ ಬರುತ್ತಿದ್ದ ಘಟನೆಗಳು ಅದರ ಹಿಂದೆ ಸರದಿಯಲ್ಲಿ ನಿಂತು ಬೆಳೆಯತೊಡಗಿದವು.

2:41ಕ್ಕೆ ಅದಿದ್ದ ಸರ್ವರ್ ಬಿತ್ತು. ಬ್ಯಾಕಪ್ ಸರ್ವರ್ ತಾನಾಗಿ ಕೆಲಸ ವಹಿಸಿಕೊಂಡಿತು, ಕಾಗದದ ಮೇಲೆ ಬರೆದಿದ್ದಂತೆಯೇ. ಸಿಕ್ಕಿಬಿದ್ದ ಅಲಾರಂ ಪ್ರೋಗ್ರಾಮನ್ನು, ಬೆಳೆದಿದ್ದ ಸರದಿಯ ಸಮೇತ, ಅದೇ ಸ್ಥಿತಿಯಲ್ಲಿ ವಹಿಸಿಕೊಂಡಿತು; 13 ನಿಮಿಷಕ್ಕೆ ಅದೂ ಬಿತ್ತು. ಇನ್ನೊಂದು ಸರ್ವರ್ ಇದೆ ಎಂದ ಮಾತ್ರಕ್ಕೆ ನೆಮ್ಮದಿಪಡುವ ಎಲ್ಲರೂ ಈ 13 ನಿಮಿಷಗಳನ್ನು ಓದಬೇಕು. ಒಂದೆರಡು ಸೆಕೆಂಡಿನಲ್ಲಿ ಹೊಸದಾಗುತ್ತಿದ್ದ ಪರದೆಗಳು ಒಂದೊಂದಕ್ಕೆ 59 ಸೆಕೆಂಡಿನವರೆಗೂ ತೆಗೆದುಕೊಂಡವು. ಸರ್ವರ್ ಬಿದ್ದ ಸಂದೇಶ ಐಟಿ ವಿಭಾಗದವರ ಪೇಜರಿಗೆ ಹೋಗಿತ್ತು. ಅವರು ಮತ್ತೆ ಚಾಲೂ ಮಾಡಿ, 3:08ಕ್ಕೆ ಸರ್ವರ್ ಎದ್ದದ್ದನ್ನು ನೋಡಿ, ಸರಿಯಾಯಿತೆಂದುಕೊಂಡರು. ಅಲಾರಂ ಬರುತ್ತಿದೆಯೇ ಎಂದು ಕಂಟ್ರೋಲ್ ರೂಮನ್ನು ಕೇಳಲಿಲ್ಲ. ಕಂಟ್ರೋಲ್ ರೂಮಿನವರಿಗೆ ಅಲಾರಂ ನಿಂತಿದೆಯೆಂಬುದೇ ತಿಳಿದಿರಲಿಲ್ಲ.

ಹೊರಗೆ ಬಿಸಿಲಿಗೆ ಜೋತ ತಂತಿಗಳು ಕತ್ತರಿಸದೆ ಬಿಟ್ಟಿದ್ದ ಮರಗಳನ್ನು ಮುಟ್ಟತೊಡಗಿದ್ದವು. 3:05ಕ್ಕೆ 345 ಕಿಲೋವೋಲ್ಟಿನ ಒಂದು ಲೈನ್ ಟ್ರಿಪ್ ಆಯಿತು, ತನ್ನ ಸಾಮರ್ಥ್ಯದ ಶೇ. 44ರಷ್ಟು ಮಾತ್ರ ಹೊರೆ ಹೊತ್ತಿದ್ದಾಗ. 3:32ಕ್ಕೆ ಇನ್ನೊಂದು, 3:41ಕ್ಕೆ ಮತ್ತೊಂದು. ಪಕ್ಕದ ಕಂಪನಿಯವರು ಫೋನ್ ಮಾಡಿ ನಿಮ್ಮ ಲೈನಿನಲ್ಲಿ ಏನೋ ಆಗಿದೆ ಎಂದರೆ, ತಮ್ಮ ಪರದೆಯಲ್ಲಿ ಏನೂ ಕಾಣುತ್ತಿಲ್ಲ ಎಂಬುದೇ ಇವರ ಉತ್ತರ. ಅದು ಸುಳ್ಳಲ್ಲ, ನಿಜವಾಗಿ ಏನೂ ಕಾಣುತ್ತಿರಲಿಲ್ಲ. ಮನುಷ್ಯರು ಹೇಳಿದ್ದಕ್ಕಿಂತ ಪರದೆ ಹೇಳದಿದ್ದದ್ದನ್ನು ನಂಬಿದರು. 4:13ರ ಹೊತ್ತಿಗೆ ನ್ಯೂಯಾರ್ಕ್, ಡೆಟ್ರಾಯಿಟ್, ಟೊರಾಂಟೊ ಸೇರಿದಂತೆ ಸುಮಾರು 5 ಕೋಟಿ ಜನ ಕತ್ತಲಲ್ಲಿದ್ದರು.

ಅದೇ ಮಧ್ಯಾಹ್ನ, ಆ ಇಡೀ ವಲಯದ ಮೇಲೆ ಕಣ್ಣಿಡಬೇಕಾದ ಮಿಸೋ ಎಂಬ ಸಂಸ್ಥೆಯಲ್ಲಿ ಇನ್ನೊಂದು ಎಡವಟ್ಟಾಗಿತ್ತು. ಗ್ರಿಡ್ಡಿನ ಸ್ಥಿತಿಯನ್ನು 5 ನಿಮಿಷಕ್ಕೊಮ್ಮೆ ತಾನಾಗಿ ಲೆಕ್ಕಹಾಕುವ ಸಾಫ್ಟ್‌ವೇರಿನ ಉತ್ತರ ತಾಳೆಯಾಗುತ್ತಿರಲಿಲ್ಲ. ಕಾರಣ, ಬಂದಾಗಿದ್ದ ಒಂದು ಲೈನಿನ ಸ್ಥಿತಿಯನ್ನು ಅದಕ್ಕೆ ನೇರ ದತ್ತಾಂಶವಾಗಿ ಜೋಡಿಸಿರಲೇ ಇಲ್ಲ. ಆ ಲೈನ್ ಇನ್ನೂ ಚಾಲೂ ಇದೆಯೆಂದು ಲೆಕ್ಕ ನಂಬಿತ್ತು. ತಪ್ಪು ಹುಡುಕಲು ತಜ್ಞರೊಬ್ಬರು ಸ್ವಯಂಚಾಲನೆ ನಿಲ್ಲಿಸಿದರು, ತಪ್ಪು ಸಿಕ್ಕಿತು, ಸರಿಪಡಿಸಿದರು. ಸ್ವಯಂಚಾಲನೆಯನ್ನು ಮತ್ತೆ ಹಾಕಲು ಮರೆತರು. ತಡವಾಗಿ ಅದನ್ನು ಹಾಕಿದ ಮೇಲೆ ಜೋಡಣೆಯಿಲ್ಲದ ಇನ್ನೊಂದು ಲೈನ್ ತೊಂದರೆ ಕೊಟ್ಟಿತು. ಲೆಕ್ಕ ಪೂರ್ತಿ ಹಳಿಗೆ ಬರುವಾಗ ಸಂಜೆ ನಾಲ್ಕು ದಾಟಿತ್ತು.

ತನಿಖೆ ಮಾಡಿದವರಿಗೆ ಮತ್ತೊಂದು ಕಾಟವಿತ್ತು. ಒಂದೊಂದು ಯಂತ್ರದ ಗಡಿಯಾರ ಒಂದೊಂದು ಸಮಯ ತೋರಿಸುತ್ತಿದ್ದುದರಿಂದ, ಯಾವುದು ಮೊದಲು ಯಾವುದು ನಂತರ ಎಂದು ಜೋಡಿಸುವುದೇ ದೊಡ್ಡ ಕೆಲಸವಾಯಿತು. ಒಪಿಸಿ ಯುಎಯಲ್ಲಿ ಅಂಕಿ ಹುಟ್ಟಿದ ಹೊತ್ತು, ಸರ್ವರ್ ಅದನ್ನು ಪಡೆದ ಹೊತ್ತು ಎಂದು ಎರಡು ಸಮಯಮುದ್ರೆಗಳಿವೆ; ಎರಡನ್ನೂ ದಾಖಲಿಸಿಡುವಂತೆ ಕನೆಕ್ಷನ್ ಕೊಡುವಾಗಲೇ ಹೇಳಿಬಿಡಬೇಕು.

ಅಮೆರಿಕದ ವಿದ್ಯುತ್ ನಿಯಮಾವಳಿಯಲ್ಲಿ 2018ರಿಂದ ಒಂದು ಕಟ್ಟಳೆ ಜಾರಿಯಲ್ಲಿದೆ: ಅಲಾರಂ ಪ್ರೋಗ್ರಾಂ ಕೆಟ್ಟರೆ ಅದನ್ನು ಆಪರೇಟರಿಗೆ ತಿಳಿಸುವ ಬೇರೊಂದು ಕಾವಲು ಇರಲೇಬೇಕು. ಐಟಿಯವರ ಪೇಜರ್ ಬಡಿದುಕೊಂಡರೆ ಸಾಲದು. ನಮ್ಮ ದಕ್ಷಿಣದ ಐದು ರಾಜ್ಯಗಳ ಗ್ರಿಡ್ಡನ್ನು ಬೆಂಗಳೂರಿನ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಕೂತು ನೋಡುವವರಿಗೂ ಇದು ದೂರದ ಮಾತಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ದಕ್ಷಿಣ ಉಳಿಯಿತು, ಏಕೆಂದರೆ ಆಗ ನಮ್ಮ ಗ್ರಿಡ್ ಅವರದರೊಡನೆ ಒಂದೇ ಆವರ್ತನದಲ್ಲಿ ಓಡುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನ್ ಎರಡನ್ನೂ ಬೆಸೆಯಿತು. ಅದರಿಂದ ಲಾಭ ದೊಡ್ಡದು. ಎಲ್ಲೋ ಒಂದು ಮೂಲೆಯಲ್ಲಿ ಟ್ರಿಪ್ ಆದದ್ದು ಇಲ್ಲಿನ ಪರದೆಯಲ್ಲಿ ಬೇಗ ಕಾಣಬೇಕಾದ ಅಗತ್ಯವೂ ಅಷ್ಟೇ ದೊಡ್ಡದಾಗಿದೆ.

ಗ್ರಿಡ್ ಇರಲಿ, ಸಕ್ಕರೆ ಕಾರ್ಖಾನೆ ಇರಲಿ, ಹೊಸ ಅಲಾರಂ ವ್ಯವಸ್ಥೆಯನ್ನು ಒಪ್ಪಿಕೊಳ್ಳುವ ದಿನ ಮೂರು ಪರೀಕ್ಷೆ ಕೇಳಿ ಮಾಡಿಸಬೇಕು. ಒಂದು, ಸರ್ವರಿನ ನೆಟ್‌ವರ್ಕ್ ಕೇಬಲ್ ಕಿತ್ತು, ಆಪರೇಟರಿಗೆ ಎಷ್ಟು ಸೆಕೆಂಡಿನಲ್ಲಿ ತಿಳಿಯಿತೆಂದು ಬರೆದುಕೊಳ್ಳುವುದು. ಎರಡು, ಪಿಎಲ್‌ಸಿಯನ್ನು ಸ್ಟಾಪ್‌ಗೆ ಹಾಕಿ ಅದೇ ಲೆಕ್ಕ. ಮೂರನೆಯದೇ ಓಹಾಯೋದ ಪರೀಕ್ಷೆ: ಸರ್ವರ್, ನೆಟ್‌ವರ್ಕ್, ಪರದೆ ಎಲ್ಲವನ್ನೂ ಹಾಗೇ ಬಿಟ್ಟು ಅಲಾರಂ ಪ್ರಕ್ರಿಯೆಯನ್ನು ಮಾತ್ರ ನಿಲ್ಲಿಸುವುದು. ಪರದೆ ಮೊದಲಿನಂತೆಯೇ ಕಾಣುತ್ತಿರುತ್ತದೆ, ಅಂಕಿಗಳು ಬದಲಾಗುತ್ತಲೂ ಇರಬಹುದು. ಆಗ ಹಾರ್ನ್ ಕೂಗದಿದ್ದರೆ, ಬಿಲ್ಲಿಗೆ ಸಹಿ ಹಾಕುವ ಮುನ್ನ ಆ ಬೇರೆ ಕಾವಲನ್ನು ಬರೆಸಿ, ಅದು ಇನ್ನೊಂದು ಯಂತ್ರದಲ್ಲಿ ಓಡುವಂತೆ ಮಾಡಿಸಿ, ಮತ್ತೊಮ್ಮೆ ನಿಲ್ಲಿಸಿ ನೋಡಬೇಕು.