ದಬ್ಬಣ ಉಳಿಯಿತು, ಸೂಜಿ ಕರಗಿತು

ಹಳೆಯ ಕಾಲದ ಭಾರತೀಯರು ಬಟ್ಟೆ ಸುತ್ತಿಕೊಳ್ಳುತ್ತಿದ್ದರೇ ಹೊರತು ಹೊಲಿಯುತ್ತಿರಲಿಲ್ಲ, ಹೊಲಿಗೆಯೆಲ್ಲ ವಾಯವ್ಯದಿಂದ ಬಂದ ಕುದುರೆ ಸವಾರರ ಕೊಡುಗೆ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಮೊಹೆಂಜೊದಾರೊ, ಹರಪ್ಪಗಳಲ್ಲಿ ಸಿಕ್ಕ ನಾಲ್ಕು ಸಾವಿರ ವರ್ಷಕ್ಕೂ ಹಳೆಯ ತಾಮ್ರ, ಕಂಚಿನ ಸೂಜಿಗಳು ಈ ಮಾತಿಗೆ ಅಡ್ಡ ನಿಲ್ಲುತ್ತವೆ. ಹಾಗೆಂದು ಅವನ್ನು ತೋರಿಸಿ ವಾದ ಗೆದ್ದೆವೆನ್ನುವುದೂ ಆತುರವೇ. ಸೂಜಿ ಸಿಕ್ಕರೆ ಹೊಲಿಗೆ ಇತ್ತೆಂದಾಯಿತು. ಹೊಲಿದದ್ದು ಅಂಗಿಯೋ ಗೋಣಿಯೋ ತೊಗಲ ಚೀಲವೋ ಹಡಗಿನ ಹಾಯಿಯೋ, ಅದು ಹೇಳದು. ಕಣ್ಣು ಮುರಿದ ಸೂಜಿಗೂ ಕಾಡಿಗೆ ಕಡ್ಡಿಗೂ ವ್ಯತ್ಯಾಸ ಹೇಳುವುದೇ ಎಷ್ಟೋ ಸಲ ಕಷ್ಟ.

ಇನ್ನೊಂದು ತೊಡಕು ಲೋಹದ್ದು. ತಾಮ್ರ ಮೆದು. ತೀರ ತೆಳುವಾಗಿಸಿದರೆ ಬಟ್ಟೆಯಲ್ಲಿ ತೂರುವಾಗ ಬಾಗುತ್ತದೆ. ಆದ್ದರಿಂದ ದಪ್ಪವಾಗಿಯೇ ಇರಬೇಕು. ಮಣ್ಣಿನಲ್ಲಿ ಅದಕ್ಕೆ ಹಸಿರು ಕಿಲುಬು ಹಿಡಿದರೂ ಆಕಾರ ಸಾಮಾನ್ಯವಾಗಿ ಉಳಿಯುತ್ತದೆ. ಗಟ್ಟಿಯಾದ ಕಬ್ಬಿಣ, ಉಕ್ಕಿನಲ್ಲಿ ಸಣ್ಣ ಸೂಜಿ ಮಾಡಬಹುದು, ಆದರೆ ತೂಕಕ್ಕೆ ಹೋಲಿಸಿದರೆ ಸಣ್ಣ ಸೂಜಿಯ ಮೈ ಬಹಳ ದೊಡ್ಡದು. ತುಕ್ಕು ಹೆಚ್ಚಾಗಿ ಅದನ್ನು ತಿಂದು ಮುಗಿಸುತ್ತದೆ. ಹೀಗೆ ಉತ್ಖನನದಲ್ಲಿ ದಬ್ಬಣದಂಥವು ಹೆಚ್ಚಾಗಿ ಸಿಗುತ್ತವೆ, ನಯವಾದ ಹೊಲಿಗೆಯ ಸಾಕ್ಷಿ ಮೊದಲು ಅಳಿಯುತ್ತದೆ. ಸಿಕ್ಕ ಸೂಜಿಗಳನ್ನು ಎಣಿಸಿ ಹೊಲಿಗೆಯ ಮಟ್ಟ ಅಳೆಯುವುದು ತಪ್ಪು ಎಂಬುದೇ ನನ್ನ ವಾದ.

ಉದಾಹರಣೆಗೆ, ಮುಂಬೈಯಲ್ಲಿ ದಹಿಸರ್ ನದಿ ಹುಟ್ಟುವ ಕಾಡಿನಲ್ಲಿರುವ ಕಾನ್ಹೇರಿಯನ್ನು ನೋಡಿ. ನೂರಕ್ಕೂ ಹೆಚ್ಚು ಗುಹೆಗಳ ಈ ಬೌದ್ಧ ನೆಲೆಯಲ್ಲಿ ಮುಂಗಾರಿನ ನೀರು, ಕಡಲಿನ ಉಪ್ಪುಗಾಳಿ ಎರಡೂ ಕಬ್ಬಿಣಕ್ಕೆ ವೈರಿ. ಆದರೆ ಇಲ್ಲಿ ಬಾಳಿದವರಿಗೆ ಸೂಜಿ ಐಚ್ಛಿಕವಾಗಿರಲಿಲ್ಲ. ಭಿಕ್ಷುವಿನ ಎಂಟು ಪರಿಕರಗಳಲ್ಲಿ ಮೂರು ಚೀವರ (ಭಿಕ್ಷುವಿನ ವಸ್ತ್ರ), ಭಿಕ್ಷಾಪಾತ್ರೆ, ಕ್ಷೌರದ ಕತ್ತಿಯ ಜೊತೆ ಸೂಜಿಯೂ ಒಂದು. ಮಗಧದ ಬದುಗಳಿರುವ ಗದ್ದೆಯ ಮಾದರಿಯಲ್ಲಿ ಬಟ್ಟೆಯನ್ನು ತುಂಡರಿಸಿ ಜೋಡಿಸಿ ಚೀವರ ಹೊಲಿಯಬೇಕೆಂದು ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕ ಹೇಳುತ್ತದೆ. ಅದರ ಚುಲ್ಲವಗ್ಗದಲ್ಲಿ ತುಕ್ಕಿನ ಕಥೆಯೇ ಇದೆ: ಮೊದಲು ಹಕ್ಕಿಯ ಗರಿ, ಬಿದಿರಿನ ಸೀಳು, ಆಮೇಲೆ ಸೂಜಿಗೆ ಅನುಮತಿ, ಸೂಜಿ ತುಕ್ಕು ಹಿಡಿದಾಗ ಇಡಲು ನಳಿಕೆ, ಆಗಲೂ ನಿಲ್ಲದಿದ್ದಾಗ ಅದರೊಳಗೆ ಹುರಿಹಿಟ್ಟು, ಕಲ್ಲಿನ ಪುಡಿ, ಜೇನುಮೇಣ. ಬೆರಳಿಗೆ ಚುಚ್ಚಿದ್ದರಿಂದ ಅಂಗುಸ್ತಾನವೂ ಬಂತು, ಚಿನ್ನ ಬೆಳ್ಳಿಯದು ಮಾತ್ರ ಕೂಡದು! ನಿಯಮ ಬರೆದವರಿಗೆ ಲೋಹದ ಗುಣ ಚೆನ್ನಾಗಿಯೇ ಗೊತ್ತಿತ್ತು.

ಉತ್ತರದ ಗ್ರಂಥದ ಮಾತು ಕೊಂಕಣದ ಗುಹೆಗೆ ಹೇಗೆ ಅನ್ವಯಿಸೀತು ಎಂದು ಕೇಳಬಹುದು. ಗ್ರಂಥ ಆದರ್ಶ ಹೇಳುತ್ತದೆ, ಆಚರಣೆಯನ್ನಲ್ಲ ಎಂಬ ಆಕ್ಷೇಪವೂ ಸರಿಯೇ. ಎರಡಕ್ಕೂ ಉತ್ತರ ಗುಹೆಗಳ ಗೋಡೆಯ ಮೇಲಿದೆ. ಕಾನ್ಹೇರಿಯ ಶಾಸನಗಳಲ್ಲಿ ಭಿಕ್ಷುಗಳ ಚೀವರಕ್ಕೆಂದೇ ಇಟ್ಟ ದತ್ತಿಗಳಿವೆ. ನಮ್ಮ ಮಾನ್ಯಖೇಟದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅವನ ಶಿಲಾಹಾರ ಸಾಮಂತ ಪುಲ್ಲಶಕ್ತಿಯ ಆಳ್ವಿಕೆಯ ಶಕ 765ರ, ಅಂದರೆ ಸುಮಾರು 843ರ ಶಾಸನವೂ ಗುಹೆಯ ದುರಸ್ತಿ, ಪುಸ್ತಕಗಳ ಜೊತೆಗೆ ಚೀವರಕ್ಕೂ ಹಣ ತೆಗೆದಿಟ್ಟಿದೆ. ದತ್ತಿಯ ಹಣದಿಂದ ಬಟ್ಟೆ ಬಂದಿತು. ನಿಯಮದಂತೆ ಅದು ಚೀವರವಾಗಬೇಕಾದರೆ ಕತ್ತರಿಸಬೇಕು, ಹೊಲಿಯಬೇಕು. ಇನ್ನೂ ಒಂದು ಮಾತು: ಚೀವರ ಹೊದೆಯುವ ಬಟ್ಟೆ, ತೊಡುವ ಅಂಗಿಯಲ್ಲ. ಸುತ್ತುಡುಗೆಯವರು ಹೊಲಿಯುವುದಿಲ್ಲ ಎಂಬ ಸರಳ ವಿಂಗಡಣೆ ಇಲ್ಲಿಯೇ ಮುರಿಯುತ್ತದೆ.

ಹಾಗಾದರೆ ಸೂಜಿ ಎಲ್ಲಿ ಹುಡುಕುವುದು? ಅಗೆತದಲ್ಲಿ ಸಿಕ್ಕ ತುಕ್ಕಿನ ಉಂಡೆಗಳನ್ನು ಮೂಲೆಗೆ ಹಾಕದೆ ಎಕ್ಸ್-ರೇ ತೆಗೆಯಬೇಕು. ಹೊರಗೆ ಬರೀ ಕಂದು ಮಣ್ಣಿನ ಗಂಟಿನಂತೆ ಕಾಣುವುದರೊಳಗೆ ಕೆಲವೊಮ್ಮೆ ಕಡ್ಡಿಯ ಗೆರೆ, ಅದರ ತುದಿಯಲ್ಲಿ ಕಣ್ಣು ಇರುತ್ತದೆ.