ಛಾವಣಿಯ ಬೆಲೆ ಮತ್ತು ಅದರ ಆಯುಷ್ಯ

ಮನೆ ಕಟ್ಟುವವರು ಛಾವಣಿಯ ಬಗ್ಗೆ ಕೇಳುವ ಮೊದಲ ಪ್ರಶ್ನೆ ‘ಚದರ ಅಡಿಗೆ ಎಷ್ಟು?’ ಎಂಬುದು. ಭೌತಶಾಸ್ತ್ರ ಪಾಠ ಮಾಡುವ ನಾನೂ ಅದನ್ನೇ ಕೇಳಿದ್ದೆ. ಕರಾವಳಿಯಲ್ಲಿ, ಕಡಲಿನಿಂದ ಅರ್ಧ ಕಿಲೋಮೀಟರ್ ದೂರದಲ್ಲಿರುವ ನಮ್ಮ ಹಳೆಯ ಮನೆಯ ಹೆಂಚು ಇಳಿಸಿ, ಗೆದ್ದಲು ಹಿಡಿದ ಪಕ್ಕಾಸು, ರೀಪುಗಳನ್ನು ತೆಗೆಸಿ, ಸತುವು ಲೇಪಿಸಿದ ಉಕ್ಕಿನ ತಗಡು ಹಾಕಿಸಿದೆ. ಇದ್ದುದರಲ್ಲಿ ಅಗ್ಗದ್ದು ಅದೇ. ಐದನೆಯ ಮಳೆಗಾಲದಲ್ಲಿ ಬೋಲ್ಟಿನ ತೂತುಗಳ ಸುತ್ತ ತುಕ್ಕು ತಿಂದು, ತಾಯಿಯವರ ಮಂಚದ ಮೇಲೆ ನೀರು ತೊಟ್ಟಿಕ್ಕತೊಡಗಿತು. ಅದೇ ಬಗೆಯ ತಗಡು ಬಯಲುಸೀಮೆಯ ಸ್ನೇಹಿತರೊಬ್ಬರ ಮನೆಯ ಮೇಲೆ ಇಂದಿಗೂ ಚೆನ್ನಾಗಿದೆ. ತಗಡಿನಲ್ಲಿ ಮೋಸವಿರಲಿಲ್ಲ. ಹಾಕಬೇಕಾಗಿದ್ದ ಲೆಕ್ಕವನ್ನು ನಾನು ಹಾಕಿರಲಿಲ್ಲ, ಅಷ್ಟೆ.

ಆ ಲೆಕ್ಕ ಪ್ರೌಢಶಾಲೆಯ ವಿದ್ಯಾರ್ಥಿಗೂ ಸಾಧ್ಯವಾದದ್ದು. ತಗಡಿನ ದರ್ಜೆಯನ್ನು 120, 180, 275 ಮುಂತಾದ ಸಂಖ್ಯೆಗಳಿಂದ ಸೂಚಿಸುತ್ತಾರೆ. ಒಂದು ಚದರ ಮೀಟರ್ ತಗಡಿನ ಎರಡೂ ಮುಖಗಳಲ್ಲಿ ಸೇರಿ ಅಷ್ಟು ಗ್ರಾಂ ಸತುವು ಇದೆ ಎಂದು ಇದರ ಅರ್ಥ. 120ರ ದರ್ಜೆಯಾದರೆ ಒಂದು ಮುಖಕ್ಕೆ 60 ಗ್ರಾಂ. ಸತುವಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.14 ಗ್ರಾಂ. ಭಾಗಿಸಿ ನೋಡಿದರೆ ಲೇಪದ ದಪ್ಪ ಸುಮಾರು 8.4 ಮೈಕ್ರೋಮೀಟರ್ ಎಂದು ತಿಳಿಯುತ್ತದೆ. ತಲೆಗೂದಲಿನ ದಪ್ಪಕ್ಕೂ ಇದು ಬಹಳ ಕಡಿಮೆ. ಉಕ್ಕನ್ನು ಕಾಯುವುದು ಇಷ್ಟೇ.

ಈ ಲೇಪ ಸವೆಯುವ ವೇಗ ಊರಿನ ಗಾಳಿಯನ್ನು ಅವಲಂಬಿಸಿದೆ. ಐಎಸ್‌ಒ 9223 ಎಂಬ ಅಂತಾರಾಷ್ಟ್ರೀಯ ಮಾನಕವು ವಾತಾವರಣವನ್ನು ಅದರ ಕೊರೆಯುವ ಶಕ್ತಿಗನುಗುಣವಾಗಿ ವರ್ಗೀಕರಿಸಿದೆ. ಅದರ ಪ್ರಕಾರ ಸೌಮ್ಯ ವಾತಾವರಣದಲ್ಲಿ ಸತುವು ವರ್ಷಕ್ಕೆ 0.1ರಿಂದ 0.7 ಮೈಕ್ರೋಮೀಟರ್ ಸವೆಯುತ್ತದೆ. ಉಪ್ಪಿನ ಗಾಳಿ ಹೆಚ್ಚಾಗಿರುವ ಕಡೆ 4.2ರಿಂದ 8.4 ಮೈಕ್ರೋಮೀಟರ್. ಅಂದರೆ ಒಣ ಒಳನಾಡಿನಲ್ಲಿ ಹನ್ನೆರಡು ವರ್ಷಕ್ಕೂ ಮಿಕ್ಕಿ ಉಳಿಯುವ ಲೇಪ, ಕಡಲ ಬದಿಯಲ್ಲಿ ಒಂದೆರಡು ವರ್ಷಗಳಲ್ಲಿ ಮುಗಿದುಹೋಗಬಹುದು! ಆಮೇಲೆ ಉಕ್ಕಿನ ಸರದಿ. 275ರ ದರ್ಜೆಯಲ್ಲಿ ಲೇಪ 19 ಮೈಕ್ರೋಮೀಟರ್ ಇರುವುದರಿಂದ ಆಯುಷ್ಯ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಮೇಲೆ ಬಣ್ಣವಿದ್ದರೆ ಇನ್ನಷ್ಟು. ‘ಇಪ್ಪತ್ತೈದು ವರ್ಷ ಬಾಳಿಕೆ’ ಎನ್ನುವ ವ್ಯಾಪಾರಿಯನ್ನು ‘ಯಾವ ಊರಿನಲ್ಲಿ?’ ಎಂದು ನೀವು ಕೇಳಲೇಬೇಕು.

ಕಾಂಕ್ರೀಟ್ ತಾರಸಿಯ ಲೆಕ್ಕ ಬೇರೆ. ಕಾಂಕ್ರೀಟಿನ ಕ್ಷಾರಗುಣ ಒಳಗಿನ ಕಬ್ಬಿಣದ ಸರಳನ್ನು ತುಕ್ಕಿನಿಂದ ಕಾಯುತ್ತದೆ. ಗಾಳಿಯ ಕಾರ್ಬನ್ ಡೈ ಆಕ್ಸೈಡ್ ನಿಧಾನವಾಗಿ ಒಳನುಗ್ಗಿ ಈ ಕ್ಷಾರಗುಣವನ್ನು ಕಳೆಯುತ್ತದೆ. ಅದು ತಲಪುವ ಆಳ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಇದರ ಪರಿಣಾಮವನ್ನು ಗಮನಿಸಿ. ಸರಳಿನ ಕೆಳಗೆ 20 ಮಿಲಿಮೀಟರ್ ಕಾಂಕ್ರೀಟ್ ಇದ್ದು, ಅದನ್ನು ದಾಟಲು 24 ವರ್ಷ ಬೇಕೆಂದಿಟ್ಟುಕೊಳ್ಳೋಣ. ಸಿಮೆಂಟು ಸುರಿಯುವ ದಿನ ಸರಳು ಜಗ್ಗಿ, ಆ ಹೊದಿಕೆ 10 ಮಿಲಿಮೀಟರಿಗೆ ಇಳಿದರೆ ಉಳಿಯುವುದು 12 ವರ್ಷವಲ್ಲ, 6 ವರ್ಷ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟ್ ಸಿಡಿದು ಚಕ್ಕೆಯಾಗಿ ಉದುರುತ್ತದೆ. ಕಡಲ ಬದಿಯಲ್ಲಿ ಉಪ್ಪು ಈ ಕೆಲಸವನ್ನು ಇನ್ನೂ ಬೇಗ ಮಾಡುತ್ತದೆ. ಸರಳನ್ನು ಎತ್ತಿ ನಿಲ್ಲಿಸುವ ಕವರ್ ಬ್ಲಾಕಿನ ಬೆಲೆ ಇಡೀ ತಾರಸಿಯ ಖರ್ಚಿನಲ್ಲಿ ಲೆಕ್ಕಕ್ಕೇ ಬಾರದು. ಆದರೆ ಅದನ್ನು ಇಟ್ಟಿದ್ದಾರೆಯೇ ಎಂದು ಬಗ್ಗಿ ನೋಡುವವರು ವಿರಳ.

ತಾರಸಿಗೆ ಇನ್ನೊಂದು ಗುಪ್ತ ಖರ್ಚಿದೆ. 12 ಸೆಂಟಿಮೀಟರ್ ದಪ್ಪದ ತಾರಸಿ ಚದರ ಮೀಟರಿಗೆ ಸುಮಾರು 300 ಕಿಲೋಗ್ರಾಂ ತೂಗುತ್ತದೆ. ಅದು ಬಿಸಿಲಿನಲ್ಲಿ 10 ಡಿಗ್ರಿ ಬಿಸಿಯಾದರೆ ಸುಮಾರು 27 ಲಕ್ಷ ಜೂಲ್, ಎಂದರೆ ಮುಕ್ಕಾಲು ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಂಜೆಯ ಮೇಲೆ ಅದರಲ್ಲಿ ಒಂದು ಪಾಲು ಕೆಳಗಿನ ಕೋಣೆಗೆ ಇಳಿಯುತ್ತದೆ. ತಗಡು ಬೇಗ ಕಾದು ಬೇಗ ಆರುತ್ತದೆ. ಆದರೆ ಮಧ್ಯಾಹ್ನ ಅದರಡಿ ಕೂರುವಂತಿಲ್ಲ.

ಹೆಂಚನ್ನು ನಮ್ಮ ಕರಾವಳಿ ಬಲ್ಲದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಕಾರ್ಖಾನೆ ತೆರೆದದ್ದು 1865ರಲ್ಲಿ. ಸುಟ್ಟ ಜೇಡಿಗೆ ತುಕ್ಕಿಲ್ಲ, ಒಡೆದದ್ದನ್ನು ಮಾತ್ರ ಬದಲಿಸಬಹುದು. ಗುಣ ಪರೀಕ್ಷೆಯನ್ನು ಶಾಲೆಯಲ್ಲೇ ಮಾಡಿ: ಒಣ ಹೆಂಚನ್ನು ತೂಗಿ, 24 ಗಂಟೆ ನೀರಿನಲ್ಲಿಟ್ಟು, ಒರೆಸಿ ಮತ್ತೆ ತೂಗಿ. 2.5 ಕಿಲೋಗ್ರಾಮಿನ ಹೆಂಚು 400 ಗ್ರಾಂ ನೀರು ಹೀರಿದರೆ ಹೀರಿಕೆ ಶೇ. 16. ಚದರ ಮೀಟರಿಗೆ 15 ಹೆಂಚಿನಂತೆ, 100 ಚದರ ಮೀಟರ್ ಮಾಡಿನ ಮೇಲೆ ಮಳೆಗಾಲದಲ್ಲಿ 600 ಕಿಲೋಗ್ರಾಂ ಹೆಚ್ಚಿನ ಭಾರ! ಅದನ್ನು ಹೊರುವುದು ಪಕ್ಕಾಸು. ಹೆಂಚಿನ ಮಾಡು ಸಾಮಾನ್ಯವಾಗಿ ಸೋಲುವುದು ಮರದಲ್ಲಿ.

ಇನ್ನು ಹಣದ ಮಾತು. ಒಂದು ಲಕ್ಷ ರೂಪಾಯಿಯ ಛಾವಣಿ 10 ವರ್ಷ, ಎರಡು ಲಕ್ಷದ್ದು 40 ವರ್ಷ ಬಾಳುತ್ತದೆನ್ನಿ. ಬರಿದೆ ಭಾಗಿಸಿದರೆ ವರ್ಷಕ್ಕೆ 10,000 ಮತ್ತು 5,000 ರೂಪಾಯಿ. ಆದರೆ ಹಣಕ್ಕೆ ಬಡ್ಡಿಯುಂಟು. ಸಾಲದ ಕಂತಿನ ಸೂತ್ರವನ್ನೇ ಬಳಸಿ, ಶೇ. 7ರ ದರದಲ್ಲಿ ಲೆಕ್ಕ ಹಾಕಿದರೆ ಅವು ಸುಮಾರು 14,240 ಮತ್ತು 15,000 ಆಗಿ, ಅಗ್ಗದ್ದೇ ಗೆಲ್ಲುತ್ತದೆ! ಇಲ್ಲೊಂದು ತೊಡಕಿದೆ. ಹತ್ತು ವರ್ಷದ ನಂತರ ಅದೇ ಛಾವಣಿ ಒಂದು ಲಕ್ಷಕ್ಕೆ ಸಿಗುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ ನಿಜವಾದ ಬಡ್ಡಿ ಸುಮಾರು ಶೇ. 2 ಮಾತ್ರ. ಆಗ ಇಂದಿನ ರೂಪಾಯಿಯಲ್ಲಿ 11,130 ಮತ್ತು 7,310. ಅಗ್ಗದ ಛಾವಣಿಯ ಆಯುಷ್ಯ ನಾಲ್ಕೇ ವರ್ಷವಾದರೆ, ನನಗಾದಂತೆ, 26,260.

ನಮ್ಮ ಮನೆಗೆ ಮತ್ತೆ ಹೆಂಚು ಬಂದಿದೆ, ಈ ಸಲ ಮರದ ಬದಲು ಉಕ್ಕಿನ ಪೈಪಿನ ಚೌಕಟ್ಟಿನ ಮೇಲೆ. ಅದಕ್ಕೂ ತುಕ್ಕು ತಪ್ಪಿದ್ದಲ್ಲ. ಆದರೆ ಒಳಗಿನಿಂದ ಏಣಿ ಹಾಕಿ ಬಣ್ಣ ಬಳಿಯಬಹುದು. ಮೂರು ವರ್ಷಕ್ಕೊಮ್ಮೆ ಬರುವ ಆ ಖರ್ಚನ್ನು ಮೊದಲೇ ಲೆಕ್ಕದಲ್ಲಿ ಬರೆದಿಟ್ಟಿದ್ದೇನೆ.