ಕರಿಕಲ್ಲು ಹುಟ್ಟಿದ ಬಗೆ

ನಮ್ಮ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಒಂದನ್ನು ನಾನು ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೆ. ಬರೆದವರು ಗುಂಡ್ಲುಪೇಟೆ ತಾಲೂಕಿನ ಒಬ್ಬ ರೈತರು. ಅರಿಶಿನ, ಈರುಳ್ಳಿ ಬೆಳೆಯುವ ಮೂರೂವರೆ ಎಕರೆ ಜಮೀನು. ಸಾಲ ಮಾಡಿ ಎರಡು ಕೊಳವೆಬಾವಿ ಕೊರೆಸಿದರು. ಎರಡರಲ್ಲೂ ಕಪ್ಪು ಪುಡಿ ಬಂತೇ ಹೊರತು ನೀರು ಬರಲಿಲ್ಲ. ಇನ್ನೂರು ಅಡಿ ದೂರದ ಪಕ್ಕದ ಜಮೀನಿನಲ್ಲಿ ಬೂದುಬಣ್ಣದ ಪುಡಿ ಬಂದು, ಆಮೇಲೆ ನೀರೂ ಬಂತು. ಇಬ್ಬರಿಗೂ ಬೀಳುವ ಮಳೆ ಒಂದೇ, ಭೂಮಿ ಒಂದೇ, ಹೀಗೇಕೆ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಆ ಪುಡಿಯ ಬಣ್ಣದಲ್ಲಿದೆ. ಆದರೆ ಅದನ್ನು ತಿಳಿಯಬೇಕಾದರೆ ಸುಮಾರು ಮುನ್ನೂರು ಕೋಟಿ ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಬನ್ನಿ, ಹೋಗಿಬರೋಣ.

ಖನಿಜ ಯಾವುದು, ಕಲ್ಲು ಯಾವುದು?

ಮೊದಲು ಒಂದು ಸಣ್ಣ ವಿಷಯ. ಖನಿಜ ಬೇರೆ, ಕಲ್ಲು ಬೇರೆ. ಅನ್ನ, ಕಡಲೆಬೇಳೆ, ಸಾಸಿವೆ, ಕಡಲೆಕಾಯಿ ಸೇರಿ ಚಿತ್ರಾನ್ನವಾಗುತ್ತದೆ. ಹಾಗೆಯೇ ಹಲವು ಖನಿಜಗಳು ಸೇರಿ ಒಂದು ಕಲ್ಲಾಗುತ್ತದೆ. ಖನಿಜವೆಂದರೆ ನಿರ್ದಿಷ್ಟ ರಾಸಾಯನಿಕ ರಚನೆಯಿರುವ, ಪರಮಾಣುಗಳು ಕ್ರಮವಾಗಿ ಜೋಡಣೆಗೊಂಡಿರುವ ವಸ್ತು. ನಾವು ಬೆಣಚುಕಲ್ಲು ಎನ್ನುವ ಕ್ವಾರ್ಟ್ಸ್ ಒಂದು ಖನಿಜ. ಕಾಗೆಬಂಗಾರ ಎಂದು ಮಕ್ಕಳು ಆರಿಸಿಕೊಳ್ಳುವ ಅಭ್ರಕ ಇನ್ನೊಂದು. ತಿಳಿಗೆಂಪು ಇಲ್ಲವೇ ಬಿಳಿ ಬಣ್ಣದ ಫೆಲ್ಡ್‌ಸ್ಪಾರ್ ಮತ್ತೊಂದು. ಈ ಮೂರನ್ನೂ ಒಟ್ಟಿಗೆ ನೋಡಬೇಕೆಂದರೆ ಗ್ರಾನೈಟ್ ಕಲ್ಲಿನ ಒಂದು ಚೂರು ಸಾಕು.

ಕಲ್ಲುಗಳು ಹುಟ್ಟುವ ದಾರಿ ಮೂರು. ಕರಗಿದ ಶಿಲಾರಸ ತಣಿದು ಗಟ್ಟಿಯಾದರೆ ಅದು ಅಗ್ನಿಶಿಲೆ. ಮರಳು, ಮಣ್ಣು, ಸುಣ್ಣದ ಅಂಶ ಪದರಪದರವಾಗಿ ಕೂತು ಗಟ್ಟಿಯಾದರೆ ಅದು ಪದರಶಿಲೆ. ಮೊದಲೇ ಇದ್ದ ಕಲ್ಲು ನೆಲದಾಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಬೇರೆ ರೂಪ ತಾಳಿದರೆ ಅದು ರೂಪಾಂತರ ಶಿಲೆ. ಮೂರನೆಯದು ಹೇಗೆಂದು ಕೇಳುವವರು ಇಟ್ಟಿಗೆ ಗೂಡನ್ನು ನೆನೆಯಬಹುದು. ಗೂಡಿನಲ್ಲಿ ಜೇಡಿಮಣ್ಣು ಕರಗಿ ಹರಿಯುವುದಿಲ್ಲ. ಆದರೂ ಹೊರಬಂದಾಗ ಅದು ಹಳೆಯ ಮಣ್ಣಾಗಿ ಉಳಿದಿರುವುದಿಲ್ಲ.

ಜಿಲ್ಲೆಯ ಅಡಿಪಾಯ

ಚಾಮರಾಜನಗರ ಜಿಲ್ಲೆ ಆಡಳಿತದ ಲೆಕ್ಕದಲ್ಲಿ ಹೊಸದು. ಮೈಸೂರು ಜಿಲ್ಲೆಯಿಂದ ಅದು ಬೇರೆಯಾದದ್ದು 1997ರಲ್ಲಿ. ಆದರೆ ಅದು ನಿಂತಿರುವ ನೆಲ ಭಾರತದ ಅತಿ ಹಳೆಯ ನೆಲಗಳಲ್ಲಿ ಒಂದು. ಇಲ್ಲಿ ಹೊಲದ ಮಧ್ಯೆ ಬೆನ್ನು ತೋರಿಸುವ ಬೂದುಬಣ್ಣದ, ಕಪ್ಪುಬಿಳಿ ಪಟ್ಟೆಗಳ ಬಂಡೆಯನ್ನು ಭೂವಿಜ್ಞಾನಿಗಳು ನೈಸ್ ಎನ್ನುತ್ತಾರೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ ಕುಲದ್ದು. ದಕ್ಷಿಣ ಕರ್ನಾಟಕದ ಬಹುಭಾಗದಲ್ಲಿ ಹಬ್ಬಿರುವ ಇದಕ್ಕೆ ಪೆನಿನ್ಸುಲಾರ್ ನೈಸ್ ಎಂದು ಹೆಸರು. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಕೆಲವು ಭಾಗಗಳದು ಇನ್ನೂ ಹೆಚ್ಚು.

ಮೊದಲು ಇದು ಗ್ರಾನೈಟಿನಂತಹ ಅಗ್ನಿಶಿಲೆಯೇ ಆಗಿತ್ತು. ಭೂಮಿಯೊಳಗೆ ಮಡಚಿ, ಜಗ್ಗಿ, ಕಾಯಿಸಿದ ಮೇಲೆ ಖನಿಜಗಳು ಸಾಲುಸಾಲಾಗಿ ಸರಿದು ನಿಂತವು. ಪಟ್ಟೆಗಳು ಬಂದದ್ದು ಹೀಗೆ.

ಜಿಲ್ಲಾ ಕೇಂದ್ರದಿಂದ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟರೆ ಕಲ್ಲಿನ ಜಾತಿ ಬದಲಾಗುತ್ತದೆ. ಹೆಸರು ಬಿಳಿಗಿರಿ, ಆದರೆ ಅಲ್ಲಿನ ಕಲ್ಲನ್ನು ಹೊಸದಾಗಿ ಒಡೆದರೆ ಒಳಗೆ ಎಣ್ಣೆ ಸವರಿದಂತಹ ಹೊಳಪಿನ ಗಾಢ ಹಸಿರು ಬೂದು ಬಣ್ಣ. ಇದು ಚಾರ್ನೋಕೈಟ್. ಈ ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕನ ಸಮಾಧಿ ಕಲ್ಕತ್ತೆಯ ಸೇಂಟ್ ಜಾನ್ ಚರ್ಚಿನ ಅಂಗಳದಲ್ಲಿದೆ. ಆ ಸಮಾಧಿಯ ಕಲ್ಲು ಮದರಾಸಿನ ಕಡೆಯದು. ಅದನ್ನು ಅಭ್ಯಸಿಸಿದ ಭೂವಿಜ್ಞಾನಿ ಟಿ. ಎಚ್. ಹಾಲೆಂಡ್, 1893ರಲ್ಲಿ ಆ ಜಾತಿಯ ಕಲ್ಲಿಗೆ ಚಾರ್ನಾಕನ ಹೆಸರನ್ನೇ ಇಟ್ಟರು. ಇಂದು ಜಗತ್ತಿನ ಎಲ್ಲೆಡೆ ಆ ಕಲ್ಲಿಗೆ ಅದೇ ಹೆಸರು.

ನೈಸ್ ಶಿಲೆ ಚಾರ್ನೋಕೈಟ್ ಆಗುವುದನ್ನು ಅರ್ಧದಲ್ಲೇ ಹಿಡಿದು ನಿಲ್ಲಿಸಿದಂತಹ ಒಂದು ಸ್ಥಳ ನಮ್ಮ ರಾಜ್ಯದಲ್ಲಿಯೇ ಇದೆ. ಅದು ಕನಕಪುರದ ಕಡೆಯ ಕಬ್ಬಾಳದುರ್ಗ. ಅಲ್ಲಿನ ಬೂದುಬಣ್ಣದ ನೈಸ್ ಶಿಲೆಯ ನಡುನಡುವೆ ಕಡುಹಸಿರು ತೇಪೆಗಳಿವೆ. ಬಟ್ಟೆಯ ಮೇಲೆ ಎಣ್ಣೆ ಹರಡಿದ ಹಾಗೆ ಕಾಣುತ್ತದೆ. ಹಸಿರಾದ ಭಾಗವೆಲ್ಲ ಚಾರ್ನೋಕೈಟ್. ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿ ಹೆಸರು ಮಾಡಿದ ಸಿ. ಎಸ್. ಪಿಚ್ಚಮುತ್ತು ಅವರು ಈ ಬಂಡೆಯ ಬಗ್ಗೆ 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಅಂದಿನಿಂದ ದೇಶವಿದೇಶದ ವಿಜ್ಞಾನಿಗಳು ಆ ಕಲ್ಲನ್ನು ನೋಡಲು ಬರುತ್ತಿದ್ದಾರೆ.

ಈ ಬದಲಾವಣೆಗೆ ಬೇಕಾದದ್ದು 700 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ, ಅನೇಕ ಕಿಲೋಮೀಟರ್ ಆಳದ ಒತ್ತಡ, ಮತ್ತು ನೀರಿನ ಅಂಶ ತೀರ ಕಡಿಮೆಯಾದ ಸ್ಥಿತಿ. ಒಣ ಶಾಖದಲ್ಲಿ, ನೀರನ್ನು ತನ್ನ ರಚನೆಯಲ್ಲೇ ಹಿಡಿದಿರುವ ಅಭ್ರಕ ಉಳಿಯಲಾರದು. ಅದರ ಜಾಗದಲ್ಲಿ ನೀರಿಲ್ಲದ ಪೈರಾಕ್ಸೀನ್ ಎಂಬ ಖನಿಜ ಬೆಳೆಯುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಇದೆಲ್ಲ ನಡೆಯಿತು. ಹಾಗಾದರೆ ಅಷ್ಟು ಆಳದ ಕಲ್ಲು ಇಂದು ಬೆಟ್ಟವಾಗಿ ನಮ್ಮ ಕಣ್ಣಿಗೆ ಕಾಣುವುದು ಹೇಗೆ? ಮೇಲಿದ್ದದ್ದೆಲ್ಲ ಸವೆದು ಹೋಗಿದೆ. ಮಳೆ, ಗಾಳಿ, ಹೊಳೆಗಳು ಅದನ್ನು ಕಣಕಣವಾಗಿ ಒಯ್ದಿವೆ. ಮೇಲಿನ ಭಾರ ಇಳಿದಂತೆ ಕೆಳಗಿನದು ನಿಧಾನವಾಗಿ ಮೇಲೆದ್ದಿದೆ. ಬಿಳಿಗಿರಿರಂಗನ ಬೆಟ್ಟವನ್ನು ಹತ್ತುವಾಗ ನಾವು ನಡೆಯುತ್ತಿರುವುದು ಒಂದು ಕಾಲದ ಪಾತಾಳದ ಮೇಲೆ.

ಕರಿಕಲ್ಲು ಬಂದದ್ದು ಆಮೇಲೆ

ಇನ್ನು ನಮ್ಮ ರೈತರ ಕಪ್ಪು ಪುಡಿಗೆ ಬರೋಣ. ನೈಸ್, ಚಾರ್ನೋಕೈಟ್ ಎಲ್ಲವೂ ಗಟ್ಟಿಯಾಗಿ ಕೂತ ಬಹುಕಾಲದ ನಂತರ ಈ ನೆಲ ಬಿರುಕು ಬಿಟ್ಟಿತು. ಬಿರುಕುಗಳ ಮೂಲಕ ಕೆಳಗಿನಿಂದ 1,100 ಡಿಗ್ರಿಗೂ ಹೆಚ್ಚು ಬಿಸಿಯಾದ ಶಿಲಾರಸ ಮೇಲೆ ನುಗ್ಗಿತು. ಅಲ್ಲೇ ತಣಿದು ಗೋಡೆಯಂತೆ ನಿಂತಿತು. ಹೀಗೆ ನೆಲದೊಳಗೆ ಎದ್ದು ನಿಂತ ಕಲ್ಲಿನ ಗೋಡೆಗೆ ಡೈಕ್ ಎನ್ನುತ್ತಾರೆ. ಅಗಲ ಕೆಲವೇ ಅಡಿಗಳಿಂದ ನೂರಾರು ಅಡಿಗಳವರೆಗೆ. ಉದ್ದ ಮಾತ್ರ ಕಿಲೋಮೀಟರುಗಟ್ಟಲೆ. ದಕ್ಷಿಣ ಕರ್ನಾಟಕದ ಇಂತಹ ಡೈಕ್‌ಗಳ ಒಂದು ದೊಡ್ಡ ಸಮೂಹದ ವಯಸ್ಸನ್ನು ವಿಜ್ಞಾನಿಗಳು ಸುಮಾರು 237 ಕೋಟಿ ವರ್ಷ ಎಂದು ಲೆಕ್ಕಹಾಕಿದ್ದಾರೆ. ಖನಿಜದ ಕಣಗಳಲ್ಲಿರುವ ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗುತ್ತಾ ಹೋಗುತ್ತದೆ. ಎಷ್ಟು ಸೀಸವಾಗಿದೆ ಎಂದು ಅಳೆದರೆ ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ.

ಡೈಕಿನ ಈ ಕಲ್ಲಿನ ಹೆಸರು ಡಾಲರೈಟ್. ಇದನ್ನೇ ನಮ್ಮ ಜನ ಕರಿಕಲ್ಲು ಎನ್ನುವುದು. ಮಾರುಕಟ್ಟೆ ಇದನ್ನು 'ಚಾಮರಾಜನಗರ ಬ್ಲ್ಯಾಕ್ ಗ್ರಾನೈಟ್' ಎಂದು ಹೊರದೇಶಗಳವರೆಗೂ ಕಳುಹಿಸಿತು. ಹಿಂದೊಮ್ಮೆ ನಾನೂ ಕಾರ್ಯಕ್ರಮದಲ್ಲಿ ಅದನ್ನು ಗ್ರಾನೈಟ್ ಎಂದೇ ಓದಿಸಿಬಿಟ್ಟಿದ್ದೆ. ಮರುವಾರ ಒಬ್ಬ ಉಪಾಧ್ಯಾಯರು ಪತ್ರ ಬರೆದು ನನ್ನ ಕಿವಿ ಹಿಂಡಿದರು. ಅವರು ಹೇಳಿದ್ದು ಸರಿ. ಗ್ರಾನೈಟಿನಲ್ಲಿ ಸಿಲಿಕಾ ನೂರಕ್ಕೆ ಸುಮಾರು 70ರಷ್ಟಿದ್ದರೆ ಡಾಲರೈಟಿನಲ್ಲಿ 50ರ ಆಸುಪಾಸು. ಕಬ್ಬಿಣ, ಮೆಗ್ನೀಸಿಯಂ ಹೆಚ್ಚು. ಬಣ್ಣ ಕಪ್ಪಾಗುವುದು, ತೂಕ ಹೆಚ್ಚುವುದು ಅದರಿಂದಲೇ. ಇದರಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜವೂ ಸ್ವಲ್ಪ ಸೇರಿರುತ್ತದೆ. ಗಟ್ಟಿಯಾಗಿ ಹೊಳಪು ಕೊಡಬಹುದಾದ ಕಲ್ಲನ್ನೆಲ್ಲ ಗ್ರಾನೈಟ್ ಎನ್ನುವುದು ವ್ಯಾಪಾರದ ರೂಢಿ. ವಿಜ್ಞಾನಕ್ಕೆ ಅದು ಒಪ್ಪಿಗೆಯಲ್ಲ.

ಅಷ್ಟು ನುಣುಪಾದ ಹೊಳಪು ಎಲ್ಲಿಂದ ಬಂತು? ಕಲ್ಲುಸಕ್ಕರೆ ಮಾಡುವವರನ್ನು ಕೇಳಿ. ಪಾಕವನ್ನು ಅಲುಗಿಸದೆ ದಿನಗಟ್ಟಲೆ ಆರಲು ಬಿಟ್ಟರೆ ದಪ್ಪ ಹರಳು ಬರುತ್ತದೆ. ಬೇಗ ಆರಿಸಿದರೆ ಸಣ್ಣ ಹರಳು. ನೆಲದಾಳದಲ್ಲಿ ಲಕ್ಷಾಂತರ ವರ್ಷ ತಣಿದ ಗ್ರಾನೈಟಿಗೆ ದಪ್ಪ ಹರಳು. ತಂಪಾದ ಬಂಡೆಯ ಬಿರುಕಿಗೆ ನುಗ್ಗಿ ಬೇಗ ತಣಿದ ಡಾಲರೈಟಿಗೆ ಸಣ್ಣ ಹರಳು. ಒಂದರೊಳಗೊಂದು ಹೆಣೆದುಕೊಂಡ ಹರಳು. ಅದಕ್ಕೇ ಉಜ್ಜಿದರೆ ಕನ್ನಡಿಯಂತಾಗುತ್ತದೆ. ಡೈಕಿನ ಅಂಚಿನಲ್ಲಿ ಹರಳು ಬರಿಗಣ್ಣಿಗೆ ಕಾಣದಷ್ಟು ಸಣ್ಣದು, ನಡುವಿಗೆ ಹೋದಂತೆ ತುಸು ದಪ್ಪ. ಅಂಚು ಮೊದಲು ತಣಿಯಿತು ಎಂಬುದಕ್ಕೆ ಇದೇ ಸಾಕ್ಷಿ.

ಚಿತ್ರೀಕರಣಕ್ಕೆಂದು ಒಂದು ಕ್ವಾರಿಗೆ ಹೋದಾಗ ಅಲ್ಲಿನ ಹಿರಿಯ ಕೆಲಸಗಾರರೊಬ್ಬರು ಎರಡು ಕಲ್ಲಿಗೆ ಸುತ್ತಿಗೆಯಿಂದ ತಟ್ಟಿ ತೋರಿಸಿದರು. ಒಂದು ಠಣ್ ಎಂದಿತು, ಇನ್ನೊಂದು ದಬ್ ಎಂದಿತು. "ಒಳ್ಳೇ ಕಲ್ಲು ಗಂಟೆ ಥರ ಮಾತಾಡ್ತದೆ ಸಾರ್, ಬಿರುಕಿದ್ರೆ ದನಿ ಸತ್ತೋಯ್ತದೆ" ಎಂದರು. ನಾನು ಕಾಲೇಜಿನಲ್ಲಿ ಮೂರು ವರ್ಷ ಓದಿದ್ದನ್ನು ಅವರು ಒಂದು ಏಟಿನಲ್ಲಿ ಹೇಳಿ ಮುಗಿಸಿದರು. ನಮ್ಮ ಧ್ವನಿಗ್ರಾಹಕರು ಆ ಸದ್ದನ್ನು ನಾಲ್ಕು ಬಾರಿ ಮುದ್ರಿಸಿಕೊಂಡರು.

ಪುಡಿಯ ಬಣ್ಣ, ನೀರಿನ ಲೆಕ್ಕ

ಈಗ ಪತ್ರದ ಪ್ರಶ್ನೆಗೆ ಉತ್ತರ. ನೈಸ್ ಆಗಲಿ ಡಾಲರೈಟ್ ಆಗಲಿ ಗಟ್ಟಿ ಕಲ್ಲು ತನ್ನೊಳಗೆ ನೀರು ಹಿಡಿಯುವುದಿಲ್ಲ. ನೀರು ನಿಲ್ಲುವುದು ಎರಡೇ ಕಡೆ: ಮೇಲಿನ ಶಿಥಿಲವಾದ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬಹಳ ಮೆದುವಾದ ಆಮ್ಲವಾಗುತ್ತದೆ. ಅದು ಫೆಲ್ಡ್‌ಸ್ಪಾರನ್ನು ಕಾಲಕ್ರಮದಲ್ಲಿ ಜೇಡಿಯಾಗಿಸುತ್ತದೆ. ಕ್ವಾರ್ಟ್ಸ್ ಮಾತ್ರ ಕರಗದೆ ಮರಳಾಗಿ ಉಳಿಯುತ್ತದೆ. ಕಲ್ಲು ಹೀಗೆ ಸಡಿಲಾದಾಗ ಅದರಲ್ಲಿ ನೀರಿಗೆ ಎಡೆ ಸಿಗುತ್ತದೆ.

ಬಂಡೀಪುರ ಕಾಡಿನ ಮೂಲೆಹೊಳೆಯಲ್ಲಿಯೂ ಗುಂಡ್ಲುಪೇಟೆ ಬಳಿಯ ಬೇರಂಬಾಡಿಯಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಸೇರಿ ಈ ಕೆಲಸವನ್ನೇ ವರ್ಷಗಳ ಕಾಲ ಅಳೆದಿದ್ದಾರೆ. ಮೂಲೆಹೊಳೆಯಲ್ಲಿ ಶಿಥಿಲ ಪದರದ ದಪ್ಪ ಸರಾಸರಿ ಹದಿನೈದು ಮೀಟರಿನ ಆಸುಪಾಸು. ಅಷ್ಟು ಕಲ್ಲು ಸಡಿಲಾಗಲು ಲಕ್ಷಾಂತರ ವರ್ಷ ಬೇಕು. ನಮ್ಮ ನೀರಿನ ತೊಟ್ಟಿಯ ಬಹುಪಾಲು ಅಷ್ಟೇ. ಸಾವಿರ ಅಡಿ ಕೊರೆದರೆ ಸಾವಿರ ಅಡಿಯ ನೀರು ಸಿಗುತ್ತದೆಂಬುದು ತಪ್ಪು ಎಣಿಕೆ. ಆಳಕ್ಕೆ ಹೋದಂತೆ ಬಿರುಕುಗಳೂ ಕಡಿಮೆಯಾಗುತ್ತವೆ. ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲೂಕುಗಳ ಪಟ್ಟಿಗೆ ಗುಂಡ್ಲುಪೇಟೆ ಸೇರಿದ್ದು ಇದೇ ಕಾರಣದಿಂದ. ತೊಟ್ಟಿ ಚಿಕ್ಕದು, ಕೊಳವೆ ಹೆಚ್ಚು.

ನಮ್ಮ ರೈತರ ಎರಡು ಬಾವಿಗಳಲ್ಲೂ ಕಪ್ಪು ಪುಡಿ ಬಂದಿದೆ. ಎಂದರೆ ಎರಡೂ ಒಂದೇ ಡೈಕಿನ ಗೋಡೆಯಲ್ಲಿ ಇಳಿದಿರುವ ಸಂಭವ ಬಹಳ. ಪಕ್ಕದವರ ಬಾವಿ ಗೋಡೆಯ ಆಚೆ, ಬಿರುಕುಬಿಟ್ಟ ನೈಸ್ ಶಿಲೆಯಲ್ಲಿ ಇಳಿದಿದೆ. ಗಟ್ಟಿ ಡೈಕ್ ನೆಲದೊಳಗಿನ ನೀರಿಗೆ ಅಣೆಕಟ್ಟಿನಂತೆ ಅಡ್ಡ ನಿಲ್ಲುತ್ತದೆ. ಇಳಿಜಾರಿನ ಮೇಲ್ಭಾಗದಲ್ಲಿ ನೀರು ನಿಂತು, ಕೆಳಭಾಗ ಒಣಗುವುದುಂಟು. ಡೈಕ್ ತಾನೇ ಬಿರುಕುಬಿಟ್ಟಿದ್ದರೆ ಅದರಲ್ಲೂ ನೀರು ಸಿಗಬಹುದು. ಆದ್ದರಿಂದ ಕೊರೆಯುವ ಮೊದಲು ಜಮೀನಿನಲ್ಲಿ ಕರಿಗುಂಡುಗಳು ಒಂದೇ ಗೆರೆಯಲ್ಲಿ ಬಿದ್ದಿವೆಯೇ ನೋಡಿ. ಆ ಗೆರೆ ಗೋಡೆಯ ತಲೆಯಾಗಿರಬಹುದು. ಕೊರೆಯುವಾಗ ಹತ್ತು ಅಡಿಗೊಮ್ಮೆ ಒಂದು ಹಿಡಿ ಪುಡಿಯನ್ನು ಸಾಲಾಗಿ ಇಟ್ಟುಕೊಳ್ಳಿ. ಭೂವಿಜ್ಞಾನಿಗಳು ಬಂದಾಗ ಅದು ಅವರಿಗೆ ನಿಮ್ಮ ಜಮೀನಿನ ಜಾತಕವಾಗುತ್ತದೆ. ಮೂರನೆಯ ಬಾವಿಗೆ ಸಾಲ ಮಾಡುವ ಮುನ್ನ ಆ ಜಾತಕ ಓದಿಸುವುದು ಲೇಸು.

ಇಂದೂ ಹುಟ್ಟುತ್ತಿರುವ ಕಲ್ಲು

ಕಲ್ಲು ಹುಟ್ಟುವುದು ಹಳೆಯ ಕಾಲದ ಮಾತೆಂದು ತಿಳಿಯಬೇಡಿ. ಗುಂಡ್ಲುಪೇಟೆ ಕಡೆಯ ಎರೆಭೂಮಿಯನ್ನು ಅಗೆದರೆ ಬಿಳಿ ಸುಣ್ಣಕಲ್ಲಿನ ಉಂಡೆಗಳು ಸಿಗುತ್ತವೆ. ಮಳೆನೀರು ಕಲ್ಲಿನಿಂದ ಕರಗಿಸಿ ತಂದ ಕ್ಯಾಲ್ಸಿಯಂ, ಬೇಸಗೆಯಲ್ಲಿ ನೀರು ಆವಿಯಾದಾಗ ಮಣ್ಣಿನಲ್ಲೇ ಉಳಿದು ಉಂಡೆಗಟ್ಟುತ್ತದೆ. ಪಶ್ಚಿಮ ಘಟ್ಟದ ಮಳೆನೆರಳಿನ ಒಣ ಸೀಮೆಯಾದ್ದರಿಂದ ಅದು ತೊಳೆದುಹೋಗುವುದಿಲ್ಲ. ಹಿಂದಿನವರು ಇಂತಹ ಕಲ್ಲನ್ನು ಸುಟ್ಟು ಮನೆಗೆ ಸುಣ್ಣ ಮಾಡಿಕೊಳ್ಳುತ್ತಿದ್ದರು.

ಆದರೆ ಕರಿಕಲ್ಲಿನ ಮಾತು ಬೇರೆ. ಅದನ್ನು ತಂದ ಬಿರುಕು ಮುಚ್ಚಿ ಇನ್ನೂರು ಕೋಟಿ ವರ್ಷಗಳ ಮೇಲಾಯಿತು. ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ಡೈಕ್ ಕಿರಿದಾದ್ದರಿಂದ ಕ್ವಾರಿ ಅಗಲಕ್ಕೆ ಹೋಗದೆ ಆಳಕ್ಕೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಕಡಿದಾದ ಗುಂಡಿ ಉಳಿಯುತ್ತದೆ. ಬಿಳಿಕಲ್ಲಿನ ಗುಡ್ಡಗಳಲ್ಲೂ ಅಪಾಯ ತಪ್ಪಿದ್ದಲ್ಲ. 2022ರ ಮಾರ್ಚಿಯಲ್ಲಿ ಗುಂಡ್ಲುಪೇಟೆ ತಾಲೂಕಿನ ಮಡಹಳ್ಳಿಯ ಕ್ವಾರಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ನೈಸ್ ಶಿಲೆಯ ಪಟ್ಟೆಗಳೂ ಬಿರುಕುಗಳೂ ಗುಂಡಿಯ ಕಡೆಗೇ ವಾಲಿದ್ದರೆ, ಬುಡ ಕೊರೆದಾಗ ಮೇಲಿನ ಬಂಡೆ ಜಾರುತ್ತದೆ. ಮೆಟ್ಟಿಲುಮೆಟ್ಟಿಲಾಗಿ ಮೇಲಿನಿಂದ ಕೆಳಕ್ಕೆ ಕತ್ತರಿಸಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ಕಲ್ಲಿನ ಸ್ವಭಾವ ತಿಳಿಯುವುದು ಪರೀಕ್ಷೆಯ ಅಂಕಕ್ಕೆ ಮಾತ್ರವಲ್ಲ, ಮನೆಗೆ ಹಿಂದಿರುಗುವುದಕ್ಕೂ ಬೇಕು.

ಶಾಲಾ ಮಕ್ಕಳಿಗೆ ಒಂದು ಸಣ್ಣ ಕೆಲಸ. ನಿಮ್ಮೂರಿನ ಐದು ಬಗೆಯ ಕಲ್ಲು ಆರಿಸಿ. ಕ್ವಾರಿಯ ಗುಂಡಿಗೆ ಮಾತ್ರ ಇಳಿಯಬೇಡಿ. ಹೊಲದ ಬದುವೇ ಸಾಕು. ಒದ್ದೆ ಮಾಡಿ ನೋಡಿ, ಹರಳು ದಪ್ಪವೇ ಸಣ್ಣವೇ ಬರೆದಿಡಿ. ಕಬ್ಬಿಣದ ಮೊಳೆಯಿಂದ ಗೀಚಿ: ಗೆರೆ ಬಿದ್ದರೆ ಮೆದು, ಬೀಳದಿದ್ದರೆ ಗಟ್ಟಿ. ದಾರದಲ್ಲಿ ತೂಗುಬಿಟ್ಟ ಅಯಸ್ಕಾಂತವನ್ನು ಕರಿಕಲ್ಲಿನ ಹತ್ತಿರ ತನ್ನಿ, ಏನಾಯಿತೆಂದು ನಮಗೆ ಬರೆಯಿರಿ. ಒಳ್ಳೆಯ ಪತ್ರಗಳನ್ನು ಕಾರ್ಯಕ್ರಮದಲ್ಲಿ ಓದುತ್ತೇವೆ.

ಪತ್ರ ಬರೆದ ರೈತ ಮಿತ್ರರಿಗೆ ಉತ್ತರ ಕಳುಹಿಸಿದ್ದೇನೆ. ಪುಡಿಯ ಒಂದು ಪೊಟ್ಟಣ ಇದ್ದರೆ ಎಸೆಯಬೇಡಿ ಎಂದು ಕೊನೆಯಲ್ಲಿ ಸೇರಿಸಿದ್ದೇನೆ.